ಶಸ್ತ್ರ ಹಿಡಿಯುವ ಕೈಗೆ ಸಾಕ್ಷಿ ಯಾರು?



ಸಮಿತಿ ಎಂಬ ಮಾತು ಕಿವಿಗೆ ಬಿದ್ದೊಡನೆ ಪರದೇಶವಾಸಿ ಕನ್ನಡಿಗರ ಮುಖದಲ್ಲಿ ಒಂದು ಮುಗುಳ್ನಗೆ ಮೂಡುವುದು ಸಹಜ. ರಾಜ್ಯೋತ್ಸವಕ್ಕೊಂದು ಉಪಸಮಿತಿ, ಊಟದ ವ್ಯವಸ್ಥೆಗೊಂದು ಉಪಸಮಿತಿ, ಆ ಉಪಸಮಿತಿಯ ಲೆಕ್ಕ ನೋಡಲು ಮತ್ತೊಂದು. ರಾತ್ರಿ ಹನ್ನೊಂದರವರೆಗೆ ಚರ್ಚೆ, ನಡುವೆ ಎರಡು ಸುತ್ತು ಚಹಾ. ಇವುಗಳಿಂದ ಘನವಾದ ಕಾರ್ಯವೇನಾದರೂ ಆದೀತೇ ಎಂದು ನಾವೇ ಅನೇಕ ವೇಳೆ ಶಂಕಿಸಿದ್ದೇವೆ. ಇಂದು ನಾವು ಹೇಳಹೊರಟಿರುವುದು ಸಹ ಸಮಿತಿಗಳ ಕಥೆಯೇ. ಆದರೆ ಇವು ಶಸ್ತ್ರವೈದ್ಯರ ಸಂಘಗಳ ಸಮಿತಿಗಳು. ಇವುಗಳಲ್ಲಿ ಕುಳಿತವರಿಗೂ ಬಹುಮಟ್ಟಿಗೆ ಸಂಬಳವಿರಲಿಲ್ಲ. ಜಗಳವಿತ್ತು, ಬೇಸರವಿತ್ತು, ಚಹಾವೂ ಇದ್ದಿರಬೇಕು.

ಸಲ್ಮಾನಿಯಾ ಆಸ್ಪತ್ರೆಯಲ್ಲಾಗಲಿ, ಊರಿನ ಮಣಿಪಾಲದಲ್ಲಾಗಲಿ, ನಮ್ಮವರೊಬ್ಬರನ್ನು ಆಪರೇಷನ್ ಥಿಯೇಟರಿನ ಬಾಗಿಲಿನವರೆಗೆ ಕಳುಹಿಸಿ ಒಪ್ಪಿಗೆ ಪತ್ರಕ್ಕೆ ರುಜು ಹಾಕುವಾಗ ನಾವು ಒಂದು ಪ್ರಶ್ನೆಯನ್ನು ಕೇಳುವುದಿಲ್ಲ. ಕೇಳುವ ಧೈರ್ಯವೂ ಆ ಗಳಿಗೆಯಲ್ಲಿ ಇರುವುದಿಲ್ಲ. ಈ ವೈದ್ಯರ ಕೈಗೆ ಈ ಕೆಲಸ ಬರುತ್ತದೆಂದು ಸಾಕ್ಷಿ ನುಡಿದವರು ಯಾರು? ವಿಶ್ವವಿದ್ಯಾಲಯವು ವೈದ್ಯನೆಂಬ ಪದವಿಯನ್ನು ಕೊಡುತ್ತದೆ. ಆದರೆ ಗಂಟು ಹಾಕುವ ಬೆರಳು, ರಕ್ತ ಚಿಮ್ಮಿದಾಗ ನಡುಗದ ಮನಸ್ಸು, ಶಸ್ತ್ರವನ್ನು ಎಲ್ಲಿ ನಿಲ್ಲಿಸಬೇಕೆಂಬ ವಿವೇಕ ಇವೆಲ್ಲ ಪದವಿಯ ನಂತರದ ವರ್ಷಗಳಲ್ಲಿ ಹಿರಿಯನೊಬ್ಬನ ಪಕ್ಕದಲ್ಲಿ ನಿಂತು ಕಲಿತ ವಿದ್ಯೆ. ಆ ಹಿರಿಯನು ಸರಿಯಾಗಿ ಕಲಿಸಿದನೋ ಇಲ್ಲವೋ ಎಂಬುದನ್ನು ನೋಡುವವರು ಯಾರು ಎಂಬುದೇ ಈ ಉಪನ್ಯಾಸದ ವಿಷಯ.

ನಮ್ಮ ಪ್ರಾಚೀನರಿಗೆ ಈ ಚಿಂತೆ ಇಲ್ಲದಿರಲಿಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಶಿಷ್ಯನ ಕೈಪಳಗಿಸುವಿಕೆಗೆಂದೇ ಒಂದು ಅಧ್ಯಾಯವಿದೆ. ಕುಂಬಳ, ಸೋರೆ, ಕಲ್ಲಂಗಡಿ, ಸೌತೆಕಾಯಿಗಳ ಮೇಲೆ ಕೊಯ್ಯುವುದನ್ನೂ, ಸತ್ತ ಪ್ರಾಣಿಯ ರಕ್ತನಾಳ ಮತ್ತು ತಾವರೆಯ ದಂಟಿನ ಮೇಲೆ ಚುಚ್ಚುವುದನ್ನೂ ಕಲಿಯಬೇಕೆಂದು ಅಲ್ಲಿ ಹೇಳಿದೆ. ಶಾಸ್ತ್ರವನ್ನೆಲ್ಲ ಓದಿದರೂ ಕೈಕೆಲಸ ಮಾಡದವನು ಕರ್ಮಕ್ಕೆ ಅಯೋಗ್ಯನೆಂಬುದು ಗ್ರಂಥದ ಅಭಿಪ್ರಾಯ. ಮುಂದಿನ ಅಧ್ಯಾಯದಲ್ಲಿ ವೈದ್ಯನು ರಾಜನ ಅನುಮತಿ ಪಡೆದು ವೃತ್ತಿಗೆ ಇಳಿಯಬೇಕೆಂದಿದೆ. ಹೀಗೆ ಕಲಿಸುವವನು ಗುರು, ಅನುಮತಿಸುವವನು ರಾಜ. ರಾಜನಿಗೆ ಶಸ್ತ್ರಕರ್ಮ ತಿಳಿಯದು. ಗುರುವಿಗೆ ತನ್ನ ಶಿಷ್ಯನ ಮೇಲೆ ಮಮತೆ. ಇವರಿಬ್ಬರ ನಡುವೆ ಮೂರನೆಯವನೊಬ್ಬ ಬೇಕಾಗಿತ್ತು.

ಆ ಮೂರನೆಯವನು ಯೂರೋಪಿನಲ್ಲಿ ವೃತ್ತಿಸಂಘದ ರೂಪದಲ್ಲಿ ಬಂದನು. 1505ರಲ್ಲಿ ಎಡಿನ್‌ಬರೋ ನಗರಸಭೆಯು ಅಲ್ಲಿನ ಕ್ಷೌರಿಕ-ಶಸ್ತ್ರವೈದ್ಯರ ಸಂಘಕ್ಕೆ ಒಂದು ಸನ್ನದನ್ನು ಕೊಟ್ಟಿತು. ಶಿಷ್ಯನಾಗುವವನಿಗೆ ಓದುಬರಹ ಬರಬೇಕು, ಶರೀರರಚನೆಯ ಜ್ಞಾನವಿರಬೇಕು, ಸಂಘದ ಹಿರಿಯರು ಅವನನ್ನು ಪರೀಕ್ಷಿಸಬೇಕು. ಕಲಿಕೆಗಾಗಿ ವರ್ಷಕ್ಕೊಮ್ಮೆ ಮರಣದಂಡನೆಗೆ ಗುರಿಯಾದವನ ಶವವನ್ನು ಸಂಘಕ್ಕೆ ಕೊಡತಕ್ಕದ್ದು. ಅದೇ ಸನ್ನದಿನಲ್ಲಿ ನಗರದೊಳಗೆ ಮದ್ಯಸಾರವನ್ನು ತಯಾರಿಸಿ ಮಾರುವ ಏಕಸ್ವಾಮ್ಯವನ್ನೂ ಆ ಸಂಘವು ಗಿಟ್ಟಿಸಿಕೊಂಡಿತು! ವೃತ್ತಿಸಂಘಗಳ ಸ್ವಭಾವವೇ ಹೀಗೆ: ಒಂದು ಕೈಯಲ್ಲಿ ವಿದ್ಯೆ, ಮತ್ತೊಂದರಲ್ಲಿ ವ್ಯಾಪಾರ. ಲಂಡನ್ನಿನಲ್ಲಿ 1540ರಲ್ಲಿ ಒಂದಾದ ಕ್ಷೌರಿಕರೂ ಶಸ್ತ್ರವೈದ್ಯರೂ 1745ರಲ್ಲಿ ಬೇರೆಯಾದರು. ಡಬ್ಲಿನ್ನಿನಲ್ಲಿ 1784ರಲ್ಲಿ ಐರ್ಲೆಂಡಿನ ಶಸ್ತ್ರವೈದ್ಯರ ರಾಯಲ್ ಕಾಲೇಜು ಸ್ಥಾಪಿತವಾಯಿತು. ಈ ಹೆಸರನ್ನು ದಯವಿಟ್ಟು ನೆನಪಿನಲ್ಲಿಡಿರಿ. ಇದು ಮುಂದೆ ನಮ್ಮ ದ್ವೀಪಕ್ಕೇ ಬರಲಿದೆ.

ಪರೀಕ್ಷೆಯು ಶಿಷ್ಯನನ್ನು ಅಳೆಯುತ್ತದೆ ನಿಜ. ಆದರೆ ಅವನು ಕಲಿಯುವ ಆಸ್ಪತ್ರೆಯನ್ನು ಅಳೆಯುವುದು ಹೇಗೆ? ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ ಒಬ್ಬ ವ್ಯಕ್ತಿಯ ವಿಷಯವನ್ನು ನಾವು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಅಮೆರಿಕದ ಬಾಸ್ಟನ್ ನಗರದ ಅರ್ನೆಸ್ಟ್ ಏಮೊರಿ ಕಾಡ್‌ಮನ್ ಎಂಬ ಶಸ್ತ್ರವೈದ್ಯನು, ಆಸ್ಪತ್ರೆಯಿಂದ ಹೊರಟ ಪ್ರತಿಯೊಬ್ಬ ರೋಗಿಯನ್ನೂ ಒಂದು ವರ್ಷದ ನಂತರ ಮತ್ತೆ ವಿಚಾರಿಸಿ, ಚಿಕಿತ್ಸೆ ಫಲಿಸಿತೇ, ಇಲ್ಲವಾದರೆ ಏಕೆ ಎಂದು ಬರೆದಿಡಬೇಕೆಂದು ವಾದಿಸಿದನು. ಕೇಳಲು ಇದು ಸಾಮಾನ್ಯ ಮಾತು. ಆದರೆ ಅಂದು ದೊಡ್ಡ ಆಸ್ಪತ್ರೆಗಳಲ್ಲಿ ಬಡ್ತಿಯು ವಯಸ್ಸಿನ ಹಿರಿತನದ ಮೇಲೆ ಸಿಗುತ್ತಿತ್ತೇ ಹೊರತು ಯಾರ ಕೈಯಲ್ಲಿ ಎಷ್ಟು ಜನ ಗುಣವಾದರು ಎಂಬುದರ ಮೇಲೆ ಅಲ್ಲ. ಕಾಡ್‌ಮನ್ ತನ್ನದೇ ಒಂದು ಚಿಕ್ಕ ಆಸ್ಪತ್ರೆಯನ್ನು ತೆರೆದನು. 1911ರಿಂದ 1916ರವರೆಗೆ ಅಲ್ಲಿಂದ ಹೊರಟ 337 ರೋಗಿಗಳ ವಿವರವನ್ನೂ, ಅವರ ಚಿಕಿತ್ಸೆಯಲ್ಲಾದ 123 ತಪ್ಪುಗಳನ್ನೂ ತಾನೇ ಅಚ್ಚು ಹಾಕಿಸಿ ಪ್ರಕಟಿಸಿದನು. ಇಂದಿಗೂ ಎಷ್ಟು ವೈದ್ಯರು ಹೀಗೆ ಮಾಡಿಯಾರು?

1910ರ ಸುಮಾರಿಗೆ ಷಿಕಾಗೋದ ಫ್ರಾಂಕ್ಲಿನ್ ಮಾರ್ಟಿನ್ ಎಂಬವನು ಶಸ್ತ್ರವೈದ್ಯರ ವಾರ್ಷಿಕ ಸಮ್ಮೇಳನಗಳನ್ನು ಆರಂಭಿಸಿದ್ದನು. ಅದರಿಂದಲೇ 1913ರಲ್ಲಿ ಅಮೆರಿಕದ ಶಸ್ತ್ರವೈದ್ಯರ ಕಾಲೇಜು ಹುಟ್ಟಿತು. ಹೆಸರು ಕಾಲೇಜಾದರೂ ಇದು ವಿದ್ಯಾಲಯವಾಗಿರದೆ ಸದಸ್ಯರ ಸಂಘವಾಗಿದೆ. ಆಸ್ಪತ್ರೆಗಳ ಮಟ್ಟವನ್ನು ನಿಗದಿಪಡಿಸಲು ನೇಮಿಸಿದ ಸಮಿತಿಗೆ ಕಾಡ್‌ಮನ್ ಅಧ್ಯಕ್ಷನಾದನು. ಆದರೆ ಸಮಿತಿಯ ಅಧ್ಯಕ್ಷನಿಗೆ ಇರಬೇಕಾದ ಸೈರಣೆ ಅವನಲ್ಲಿ ಕಡಿಮೆ. 1915ರ ಜನವರಿಯಲ್ಲಿ ಬಾಸ್ಟನ್ನಿನ ಸಭೆಯೊಂದರಲ್ಲಿ ಅವನು ದೊಡ್ಡದೊಂದು ವ್ಯಂಗ್ಯಚಿತ್ರವನ್ನು ಬಿಡಿಸಿ ತೋರಿಸಿದನು: ಮರಳಿನಲ್ಲಿ ತಲೆ ಹೂತ ಉಷ್ಟ್ರಪಕ್ಷಿಯೊಂದು ನಗರದ ವೈದ್ಯರ ಕಡೆಗೆ ಚಿನ್ನದ ಮೊಟ್ಟೆಗಳನ್ನು ಒದೆಯುತ್ತಿದೆ. ಸಭೆಯಲ್ಲಿ ಕೋಲಾಹಲವಾಯಿತು, ಸ್ಥಳೀಯ ಸಂಘದ ಅಧ್ಯಕ್ಷತೆಯನ್ನು ಅವನು ಬಿಡಬೇಕಾಯಿತು. 1940ರಲ್ಲಿ ತೀರಿಕೊಂಡಾಗ ಅವನ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ಅಮೆರಿಕದ ಅದೇ ಕಾಲೇಜೂ ಇತರ ಸಂಸ್ಥೆಗಳೂ ಸೇರಿ ಕಲ್ಲು ನಿಲ್ಲಿಸಿದ್ದು 2014ರಲ್ಲಿ.

ವ್ಯಕ್ತಿ ದೂರವಾದರೂ ಸಮಿತಿಯ ಕೆಲಸ ನಿಲ್ಲಲಿಲ್ಲ. 1917ರ ಕೊನೆಯಲ್ಲಿ ಆ ಸಂಘವು ಒಂದೇ ಪುಟದ ಕನಿಷ್ಠ ನಿಯಮಾವಳಿಯನ್ನು ಸಿದ್ಧಪಡಿಸಿತು: ವೈದ್ಯರು ವ್ಯವಸ್ಥಿತ ಮಂಡಳಿಯಾಗಿರಬೇಕು, ಅವರು ಯೋಗ್ಯತೆಯುಳ್ಳವರಾಗಿರಬೇಕು, ತಿಂಗಳಿಗೊಮ್ಮೆಯಾದರೂ ಸೇರಿ ತಮ್ಮ ಕೆಲಸವನ್ನು ವಿಮರ್ಶಿಸಬೇಕು, ಪ್ರತಿ ರೋಗಿಯ ದಾಖಲೆಯಿರಬೇಕು, ಪ್ರಯೋಗಾಲಯ ಮತ್ತು ಎಕ್ಸ್-ರೇ ಇರಬೇಕು. ಇದಕ್ಕಿಂತ ಕಡಿಮೆ ಏನನ್ನು ಕೇಳಲು ಸಾಧ್ಯ? ನೂರಕ್ಕಿಂತ ಹೆಚ್ಚು ಹಾಸಿಗೆಗಳುಳ್ಳ 692 ಆಸ್ಪತ್ರೆಗಳನ್ನು ತನಿಖೆ ಮಾಡಿದಾಗ ಉತ್ತೀರ್ಣವಾದವು ಕೇವಲ 89. 1919ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಸಮ್ಮೇಳನ. ಪಟ್ಟಿ ಪತ್ರಿಕೆಗಳ ಕೈಗೆ ಸಿಕ್ಕರೆ ಹೆಸರಾಂತ ಆಸ್ಪತ್ರೆಗಳ ಮಾನ ಹೋಗುತ್ತದೆಂಬ ಭಯ. ಅಂಕಿಯನ್ನು ಸಭೆಗೆ ತಿಳಿಸಿದ ಮುಖಂಡರು ಪಟ್ಟಿಯನ್ನು ಮಾತ್ರ ನಡುರಾತ್ರಿಯಲ್ಲಿ ಹೋಟೆಲಿನ ಕುಲುಮೆಗೆ ಹಾಕಿ ಸುಟ್ಟರು.

ಇದು ಸರಿಯೇ? ಆ ಪಟ್ಟಿಯಲ್ಲಿದ್ದ ಆಸ್ಪತ್ರೆಗೆ ಮರುದಿನ ಬೆಳಿಗ್ಗೆ ತಾಯಿಯನ್ನು ಕರೆದೊಯ್ದ ಮಗನಿಗೆ ಏನೂ ತಿಳಿಯಲಿಲ್ಲ. ಅವನ ಪರವಾಗಿ ನೋಡಿದರೆ ಇದು ಅನ್ಯಾಯವೆಂದೇ ನಾವು ಹೇಳುತ್ತೇವೆ. ಸಂಘದ ಪರವಾಗಿಯೂ ಒಂದು ಮಾತಿದೆ: ಹೆಸರು ಬಯಲಾಗಿದ್ದರೆ ಮುಂದಿನ ವರ್ಷ ತನಿಖೆಗೆ ಯಾವ ಆಸ್ಪತ್ರೆಯೂ ಬಾಗಿಲು ತೆರೆಯುತ್ತಿರಲಿಲ್ಲ. ಪಟ್ಟಿ ಬೂದಿಯಾಯಿತು, ನಿಯಮಾವಳಿ ಉಳಿಯಿತು, ತನಿಖೆ ವರ್ಷವರ್ಷವೂ ನಡೆಯಿತು. 1951ರಲ್ಲಿ ಈ ಹೊಣೆಯು ಹಲವು ಸಂಘಗಳ ಜಂಟಿ ಆಯೋಗಕ್ಕೆ ಸೇರಿತು. ಇಂದು ಕೊಲ್ಲಿಯ ಹಲವು ಆಸ್ಪತ್ರೆಗಳ ಹಜಾರದಲ್ಲಿ ತೂಗುವ ಅಂತರರಾಷ್ಟ್ರೀಯ ಮಾನ್ಯತಾ ಪತ್ರವು ಆ ಒಂದು ಪುಟದ ಮೊಮ್ಮಗು.

ಅದೇ ಸಂಘದಲ್ಲಿ 1922ರಲ್ಲಿ ಮೂಳೆ ಮುರಿತದ ಸಮಿತಿಯೆಂದು ಆರಂಭವಾಗಿ ಮುಂದೆ ಅಪಘಾತ ಚಿಕಿತ್ಸೆಯ ಸಮಿತಿಯಾದ ಮತ್ತೊಂದು ಮಂಡಳಿಯಿದೆ. 1976ರ ಫೆಬ್ರವರಿಯಲ್ಲಿ ಜೇಮ್ಸ್ ಸ್ಟೈನರ್ ಎಂಬ ಮೂಳೆ ಶಸ್ತ್ರವೈದ್ಯನು ತಾನೇ ನಡೆಸುತ್ತಿದ್ದ ಚಿಕ್ಕ ವಿಮಾನವು ನೆಬ್ರಾಸ್ಕಾದ ಹೊಲವೊಂದರಲ್ಲಿ ಬಿದ್ದಿತು. ಪತ್ನಿ ಅಲ್ಲಿಯೇ ಮಡಿದಳು. ನಾಲ್ವರು ಮಕ್ಕಳಲ್ಲಿ ಮೂವರಿಗೆ ತೀವ್ರ ಗಾಯ. ಗ್ರಾಮೀಣ ಆಸ್ಪತ್ರೆಯಲ್ಲಿ ಸಿಕ್ಕಿದ ಆರೈಕೆಯನ್ನು ಕಂಡು ಅವನು ಹತಾಶನಾದನು. ಅಲ್ಲಿನ ವೈದ್ಯರನ್ನು ದೂರಿ ಸುಮ್ಮನಾಗದೆ, ಅವರಿಗೆ ಇದನ್ನು ಯಾರೂ ಕಲಿಸಿರಲಿಲ್ಲವೆಂಬುದನ್ನು ಗುರುತಿಸಿದ್ದು ಅವನ ದೊಡ್ಡತನ. ಸಹೋದ್ಯೋಗಿಗಳೊಡನೆ ಸೇರಿ ಒಂದು ಪಾಠಕ್ರಮವನ್ನು ರಚಿಸಿ 1978ರಲ್ಲಿ ಮೊದಲ ಬಾರಿಗೆ ನಡೆಸಿದರು. 1980ರಲ್ಲಿ ಅಪಘಾತ ಸಮಿತಿಯು ಅದನ್ನು ತನ್ನದಾಗಿಸಿಕೊಂಡಿತು. ಮೊದಲು ಶ್ವಾಸದ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತ, ಆಮೇಲೆ ಮಿದುಳು. ಕೊನೆಗೆ ಬಟ್ಟೆ ತೆಗೆದು ಮೈಯೆಲ್ಲವನ್ನೂ ನೋಡುವುದು. ಯಾವುದು ಬೇಗ ಕೊಲ್ಲುವುದೋ ಅದಕ್ಕೆ ಮೊದಲ ಚಿಕಿತ್ಸೆ. ರೋಗದ ಹೆಸರು ತಿಳಿಯುವವರೆಗೆ ಕಾಯಬೇಕಿಲ್ಲ. ಸಮಿತಿಯು ಕೆಲವು ವರ್ಷಗಳಿಗೊಮ್ಮೆ ಇಡೀ ಕೈಪಿಡಿಯನ್ನು ತಿದ್ದುತ್ತದೆ. ಹತ್ತನೆಯ ಆವೃತ್ತಿ 2018ರಲ್ಲಿ ಬಂದಿತು. ಎಂಬತ್ತಕ್ಕೂ ಹೆಚ್ಚು ದೇಶಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ವೈದ್ಯರು ಈ ಪಾಠವನ್ನು ಕಲಿತಿದ್ದಾರೆ. ಸೌದಿಗೆ ಹೋಗುವ ಸೇತುವೆಯ ಮೇಲೆ, 1986ರಿಂದ, ಗುರುವಾರ ಶುಕ್ರವಾರಗಳ ವಾಹನಗಳ ಸಾಲನ್ನು ಕಂಡವರಿಗೆ, ಕಟ್ಟಡಗಳ ಸಾರುವೆಯ ಮೇಲೆ ನಿಂತು ದುಡಿಯುವ ನಮ್ಮ ನಾಡಿನ ಹುಡುಗರನ್ನು ಬಲ್ಲವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಬಹರೈನಿಗೆ ಬರೋಣ. 1903ರಲ್ಲಿ ಮನಾಮಾದಲ್ಲಿ ಅಮೆರಿಕನ್ ಮಿಷನ್ನಿನವರು ಮೇಸನ್ ಸ್ಮಾರಕ ಆಸ್ಪತ್ರೆಯನ್ನು ತೆರೆದಾಗ ಶಸ್ತ್ರವೈದ್ಯನು ಹಡಗಿನಲ್ಲಿ ಬರಬೇಕಾಗಿತ್ತು. ಬಂದವರಲ್ಲಿ ಪಾಲ್ ಹ್ಯಾರಿಸನ್‌ರಂಥ ಸಮರ್ಥರಿದ್ದರು. ಆದರೆ ಅವರು ಹೋದರೆ ವಿದ್ಯೆಯೂ ಅವರೊಡನೆ ಹೋಗುತ್ತಿತ್ತು. ತೈಲ ದೊರೆತ 1932ರ ನಂತರ ಆಸ್ಪತ್ರೆಗಳು ಬೆಳೆದವು, ಬಹರೈನಿನ ತರುಣರು ವೈದ್ಯಕೀಯಕ್ಕೆ ಹೊರನಾಡುಗಳಿಗೆ ಹೋದರು. ಆದರೂ ಚಿಕ್ಕ ದ್ವೀಪಕ್ಕೆ ಒಂದು ವಿಶೇಷ ತೊಡಕಿದೆ. ಇಲ್ಲಿ ಗುರುವೂ ಪರೀಕ್ಷಕನೂ ಪರಸ್ಪರ ಬಲ್ಲವರು. ಮದುವೆ ಮಜ್ಲಿಸ್‌ಗಳಲ್ಲಿ ಒಟ್ಟಿಗೆ ಕುಳಿತು ಕಾಫಿ ಕುಡಿಯುವವರು. ಇಂಥಲ್ಲಿ ಶಿಷ್ಯನನ್ನು ಅನುತ್ತೀರ್ಣಗೊಳಿಸುವುದು ಯಾರಿಗೂ ಸುಲಭವಲ್ಲ.

ಈ ತೊಡಕಿಗೆ ಉತ್ತರವಾಗಿ ಒದಗಿದ್ದು ಅರಬ್ ದೇಶಗಳ ಆರೋಗ್ಯ ಸಚಿವರ ಪರಿಷತ್ತು 1978ರಲ್ಲಿ ದಮಾಸ್ಕಸ್ಸಿನಲ್ಲಿ ಸ್ಥಾಪಿಸಿದ ಅರಬ್ ಬೋರ್ಡ್. ಇದು ಸರ್ಕಾರಗಳು ಹುಟ್ಟುಹಾಕಿದ ಸಂಸ್ಥೆ. ಆದರೆ ಅದರ ಶಸ್ತ್ರಚಿಕಿತ್ಸಾ ಪರಿಷತ್ತಿನಲ್ಲಿ ಕುಳಿತವರು ಬೇರೆ ಬೇರೆ ದೇಶಗಳ ಶಸ್ತ್ರವೈದ್ಯರು. ಪಾಠಕ್ರಮವನ್ನು ಅವರೇ ಬರೆಯುತ್ತಾರೆ. ತರಬೇತಿ ಕೊಡಬಯಸುವ ಆಸ್ಪತ್ರೆಗೆ ಸಮಿತಿಯನ್ನು ಕಳುಹಿಸಿ, ಹಿರಿಯ ವೈದ್ಯರೆಷ್ಟು, ಶಸ್ತ್ರಕ್ರಿಯೆಗಳೆಷ್ಟು ಎಂದು ನೋಡಿ ಮಾನ್ಯತೆ ಕೊಡುತ್ತಾರೆ. ಸಾಮಾನ್ಯ ಶಸ್ತ್ರಚಿಕಿತ್ಸೆಗೆ ಐದು ವರ್ಷದ ತರಬೇತಿ, ನಡುವೆ ಒಂದು ಪರೀಕ್ಷೆ, ಕೊನೆಗೆ ಬರಹದ ಮತ್ತು ರೋಗಿಯ ಮುಂದಿನ ಪರೀಕ್ಷೆಗಳು. ಸಲ್ಮಾನಿಯಾದಲ್ಲಿ ಕಲಿತ ತರುಣನನ್ನು ಅವನ ಮಾವನನ್ನೂ ತಂದೆಯನ್ನೂ ಅರಿಯದ ಪರೀಕ್ಷಕನು ಅಳೆಯುತ್ತಾನೆ. ಬಹರೈನಿನ ಮೂಳೆ ಶಸ್ತ್ರವೈದ್ಯರೂ ಆರೋಗ್ಯ ಸಚಿವರೂ ಆಗಿದ್ದ ಡಾ. ಫೈಸಲ್ ಅಲ್ ಮೂಸವಿಯವರು ಈ ಬೋರ್ಡಿನ ಅಧ್ಯಕ್ಷರಾಗಿದ್ದರೆಂಬುದು ಈ ಪುಟ್ಟ ದೇಶಕ್ಕೆ ಸಂದ ಗೌರವ. ಕೊಲ್ಲಿಯ ರಾಷ್ಟ್ರಗಳು ಕೂಡಿ 1980ರಲ್ಲಿ ಸ್ಥಾಪಿಸಿದ ಅರೇಬಿಯನ್ ಗಲ್ಫ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಮನಾಮಾದಲ್ಲಿಯೇ ಇದೆ. 2004ರಲ್ಲಿ, ನಾವು ಮೇಲೆ ಹೇಳಿದ ಐರ್ಲೆಂಡಿನ ರಾಯಲ್ ಕಾಲೇಜು ಇಲ್ಲಿಗೆ ಬಂದು ವೈದ್ಯಕೀಯ ವಿಶ್ವವಿದ್ಯಾಲಯವನ್ನು ತೆರೆಯಿತು. ಡಬ್ಲಿನ್ನಿನ ಶಸ್ತ್ರವೈದ್ಯರು ಸನ್ನದು ಪಡೆದ 220 ವರ್ಷಗಳ ನಂತರ ಅವರ ಸಂಘದ ಹೆಸರು ಬುಸೈತೀನಿನ ಕಟ್ಟಡವೊಂದರ ಮೇಲೆ ಕಾಣುತ್ತಿದೆ.

ಊರಿನ ಸ್ಥಿತಿಯನ್ನು ಹೇಳದೆ ಮುಗಿಸಲಾಗದು. ಏಕೆಂದರೆ ನಮ್ಮಲ್ಲಿ ಅನೇಕರ ಮಕ್ಕಳು ಕಲಿಯುವುದು ಅಲ್ಲಿಯೇ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಹೋದ ಮೈಸೂರು ವೈದ್ಯಕೀಯ ಕಾಲೇಜು, ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಕಟ್ಟಿದ ಕಸ್ತೂರ್ಬಾ ಕಾಲೇಜು, 1957ರ ಹುಬ್ಬಳ್ಳಿಯ ಕಾಲೇಜು ಇವೆಲ್ಲ ನಮಗೆ ಮನೆಮಾತು. ಭಾರತದ ಶಸ್ತ್ರವೈದ್ಯರ ಸಂಘವು 1938ರಲ್ಲಿ ಸ್ಥಾಪಿತವಾಗಿ ಪತ್ರಿಕೆಯನ್ನೂ ವಾರ್ಷಿಕ ಸಮ್ಮೇಳನಗಳನ್ನೂ ನಡೆಸಿಕೊಂಡು ಬಂದಿದೆ. ಆದರೆ ಪದವಿ ಕೊಡುವ ಬೀಗದಕೈ ಅದರ ಬಳಿ ಇಲ್ಲ. ಎಂ.ಎಸ್. ಪರೀಕ್ಷೆ ವಿಶ್ವವಿದ್ಯಾಲಯದ್ದು; 1975ರಲ್ಲಿ ಆರಂಭವಾದ ರಾಷ್ಟ್ರೀಯ ಪರೀಕ್ಷಾ ಮಂಡಳಿಯದು ಇನ್ನೊಂದು ದಾರಿ; ಕಾಲೇಜುಗಳ ತಪಾಸಣೆ ಮೊದಲು ವೈದ್ಯಕೀಯ ಪರಿಷತ್ತಿನದಾಗಿದ್ದು, 2020ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಾಲಾಗಿದೆ. ಹೀಗಾಗಿ ನಮ್ಮ ಸಂಘದ ಸಮಿತಿಗಳು ಕಲಿಸಬಲ್ಲವು, ತಡೆಯಲಾರವು. ಇದರಲ್ಲಿ ನಮಗೆ ಕೊರತೆ ಕಾಣುತ್ತದೆ. ಕಟ್ಟಡ, ಹಾಸಿಗೆ, ಅಧ್ಯಾಪಕರ ಸಂಖ್ಯೆಗಳನ್ನು ಯಾವ ಅಧಿಕಾರಿಯಾದರೂ ಎಣಿಸಬಹುದು; ಶಿಷ್ಯನ ಕೈಗೆ ಕೆಲಸ ಸಿಗುತ್ತಿದೆಯೇ ಎಂಬುದನ್ನು ಮತ್ತೊಬ್ಬ ಶಸ್ತ್ರವೈದ್ಯನೇ ನೋಡಿ ಹೇಳಬೇಕು.

ಆದುದರಿಂದ ಮನೆಯ ಮಗನೋ ಮಗಳೋ ಶಸ್ತ್ರಚಿಕಿತ್ಸೆ ಕಲಿಯುತ್ತೇನೆಂದು ಹೊರಟಾಗ, ಶುಲ್ಕವೆಷ್ಟು, ಹಾಸ್ಟೆಲು ಹೇಗಿದೆ ಎಂದು ವಿಚಾರಿಸುವುದರ ಜೊತೆಗೆ ಇನ್ನು ಮೂರು ಮಾತುಗಳನ್ನು ಕೇಳಿರಿ. ಮೂರನೆಯ ವರ್ಷದ ವಿದ್ಯಾರ್ಥಿಯು ಕಳೆದ ವರ್ಷ ಪಕ್ಕದಲ್ಲಿ ನಿಂತು ನೋಡಿದ್ದನ್ನು ಬಿಟ್ಟು ಸ್ವತಃ ಮಾಡಿದ ಶಸ್ತ್ರಕ್ರಿಯೆಗಳೆಷ್ಟು? ಅವನ್ನು ಬರೆದಿಟ್ಟ ಲಾಗ್‌ಬುಕ್ಕಿಗೆ ರುಜು ಹಾಕಿದವರು ಯಾರು? ಆ ಪುಸ್ತಕವನ್ನು ಹೊರಗಿನಿಂದ ಬಂದ ಯಾರಾದರೂ ತೆರೆದು ನೋಡಿದ್ದಾರೆಯೇ?