ಒನ್ಸ್ ಮೋರ್‌ಗೆ ಕ್ಯೂ ಇಲ್ಲ

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯ ಹೆಸರಿನಲ್ಲೇ ಕಟ್ಟೆ ಇದೆ. ಲಕ್ಷ್ಮಣತೀರ್ಥ ಹೊಳೆಗೆ ಅಲ್ಲೊಂದು ಅಣೆ, ಅಣೆಯಿಂದ ಹೊರಟ ನಾಲೆ, ನಾಲೆಯ ಕೆಳಗೆ ಗದ್ದೆಗಳು. ಗದ್ದೆಯ ಕೆಲಸ ಮುಗಿದ ಮೇಲೆ ಈ ಸೀಮೆಯಲ್ಲಿ ಪೌರಾಣಿಕ ನಾಟಕಗಳ ಕಾಲ. ಹೆಚ್ಚಾಗಿ ‘ಕುರುಕ್ಷೇತ್ರ’. ಪಾತ್ರಧಾರಿಗಳೆಲ್ಲ ಊರಿನವರೇ. ತಿಂಗಳುಗಟ್ಟಲೆ ಕಲಿಸಿದ ಡ್ರಾಮಾ ಮೇಷ್ಟ್ರು ಕಾಲು ಹಾರ್ಮೋನಿಯಂ ಮುಂದೆ ಕೂತಿರುತ್ತಾರೆ. ಸೀನರಿ, ಕಿರೀಟ, ಗದೆ ಎಲ್ಲ ಬಾಡಿಗೆಗೆ ಬರುತ್ತವೆ. ಈಗೀಗ ಅವುಗಳ ಜೊತೆ ಲೈಟೂ, ಲೈಟಿನ ಜೊತೆ ಒಬ್ಬ ಹುಡುಗನೂ ಬರುತ್ತಾನೆ.

ಕೆಲವು ವರ್ಷಗಳ ಹಿಂದೆ ಅಲ್ಲಿ ನಾನು ನೋಡಿದ ಒಂದು ಗಳಿಗೆಯಿಂದಲೇ ಈ ಬರಹ ಶುರುವಾಗಬೇಕು. ಕರ್ಣ ಹೊಳೆಯ ದಂಡೆಯಲ್ಲಿ ನಿಂತು ಸೂರ್ಯನಿಗೆ ಅರ್ಘ್ಯ ಕೊಡುವ ದೃಶ್ಯ. ಹಿಂದಿನ ಪರದೆ ನೀಲಿಯಿಂದ ನಿಧಾನವಾಗಿ ಕೇಸರಿಗೆ ತಿರುಗಿತು. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕರ್ಣ ಪದ್ಯ ಎತ್ತಿಕೊಂಡ. ಕೊನೆಯ ಸಾಲನ್ನು ಮೇಲಿನ ಸ್ವರದಲ್ಲಿ ನಿಲ್ಲಿಸಿದಾಗ ಜನ ‘ಒನ್ಸ್ ಮೋರ್’ ಎಂದು ಕೂಗಿದರು. ಮೇಷ್ಟ್ರು ಮತ್ತೆ ಶ್ರುತಿ ಹಿಡಿದರು, ಕರ್ಣ ಮೊದಲಿಂದ ಹಾಡಿದ. ಎರಡನೇ ಸಾಲಿಗೆ ಬರುವಷ್ಟರಲ್ಲಿ ವೇದಿಕೆ ಕತ್ತಲಾಯಿತು. ಸೂರ್ಯನ ಮಗ ಕತ್ತಲಲ್ಲೇ ಹಾಡುತ್ತಿದ್ದ. ಜನ ಶಿಳ್ಳೆ ಹೊಡೆದರು, ಯಾರೋ ಕರೆಂಟಿನವರನ್ನು ಬೈದರು. ಕರೆಂಟಿನದೇನೂ ತಪ್ಪಿರಲಿಲ್ಲ. ಶಾಮಿಯಾನದ ಪಕ್ಕದಲ್ಲಿ ಡೆಸ್ಕ್ ಮುಂದೆ ಕೂತಿದ್ದ ಹುಡುಗ ತಡಬಡಿಸಿ ಯಾವುದೋ ಫೇಡರ್ ಏರಿಸಿದ. ಬಂದದ್ದು ಯುದ್ಧರಂಗದ ಕೆಂಪು.

ನಾಟಕ ಮುಗಿದು, ವೈರು ಸುತ್ತುತ್ತಿದ್ದಾಗ ಅವನನ್ನು ಮಾತಾಡಿಸಿದೆ. “ಮುಂದಿನ್ ಕ್ಯೂ ತಾನೇ ಹೋಗೋ ಹಂಗೆ ಟೈಮಿಂಗ್ ಹಾಕ್ಬುಟ್ಟಿದ್ದೆ ಸಾ. ಅವ್ರು ತಿರ್ಗಾ ಹಾಡ್ತಾರೆ ಅಂತ ಮಿಷಿನ್‌ಗೆ ಹೆಂಗ್ ಗೊತ್ತಾಗ್ಬೇಕು?” ಅಂದ. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ನಮ್ಮ ರಂಗಭೂಮಿಯಲ್ಲಿ ಬೆಳಕಿನ ನೆನಪು ಯಾರ ಹತ್ತಿರ ಇರುತ್ತಿತ್ತು, ಅದು ಹೇಗೆ ಕೈಯಿಂದ ಕೈಗೆ, ಕೈಯಿಂದ ಯಂತ್ರಕ್ಕೆ ದಾಟಿತು ಎಂದು ಯೋಚಿಸತೊಡಗಿದ್ದು ಆಮೇಲೆ.

ದೊಂದಿ ಮತ್ತು ಪಂಜಿನ ಕಾಲದಲ್ಲಿ ಬೆಳಕು ಹಿಡಿದವನು ಪಾತ್ರದ ಜೊತೆ ನಡೆಯುತ್ತಿದ್ದ. ಬಯಲಾಟದಲ್ಲಿ ವೇಷ ಮುಂದೆ ಬಂದರೆ ಪಂಜೂ ಮುಂದೆ ಬಂತು. ಆಮೇಲೆ ಬಂದದ್ದು ನಮ್ಮ ಹಳ್ಳಿಗಳಲ್ಲಿ ಗ್ಯಾಸ್‌ಲೈಟ್ ಎಂದು ಕರೆಸಿಕೊಂಡ ಪೆಟ್ರೋಮ್ಯಾಕ್ಸ್. 1910ರ ಸುಮಾರಿಗೆ ಬರ್ಲಿನ್ನಿನಲ್ಲಿ ಮ್ಯಾಕ್ಸ್ ಗ್ರೆಟ್ಸ್ ರೂಪಿಸಿದ ಈ ದೀಪ ಸೀಮೆಎಣ್ಣೆಯನ್ನು ಗಾಳಿಯ ಒತ್ತಡದಲ್ಲಿ ಆವಿ ಮಾಡಿ ಮ್ಯಾಂಟಲನ್ನು ಬೆಳಗಿಸುತ್ತದೆ. ಬೆಳಕು ಹೆಚ್ಚು, ಆದರೆ ಅದನ್ನು ಬೇಕಾದಷ್ಟಕ್ಕೆ ತಗ್ಗಿಸಿ ನಿಲ್ಲಿಸಲು ಆಗುವುದಿಲ್ಲ. ಒತ್ತಡ ಇಳಿದರೆ ಮಂಕಾಗುತ್ತದೆ, ಪಂಪು ಹೊಡೆದರೆ ಸರಿಯಾಗುತ್ತದೆ, ಅಷ್ಟೆ. ಹಾಗಾಗಿ ಗ್ಯಾಸ್‌ಲೈಟಿನ ನಾಟಕದಲ್ಲಿ ರಾತ್ರಿಯನ್ನು ಬೆಳಕಿನಿಂದ ತೋರಿಸುವ ದಾರಿಯೇ ಇರಲಿಲ್ಲ. ರಾತ್ರಿಯಾಯಿತೆಂದು ಪಾತ್ರವೇ ಹೇಳಬೇಕು, ಇಲ್ಲವೇ ಪದ್ಯ ಹೇಳಬೇಕು. ಉಳಿದದ್ದನ್ನು ಪರದೆ ಬರೆಯುವ ಕಲಾವಿದ ನೋಡಿಕೊಳ್ಳುತ್ತಿದ್ದ: ಕಾಡಿನ ಪರದೆಯ ಮೇಲೆ ಸಂಜೆಯ ಬಣ್ಣ, ಅರಮನೆಯ ಪರದೆಯ ಮೇಲೆ ಹಗಲಿನ ಬಣ್ಣ. ಬೆಳಕನ್ನು ಬಟ್ಟೆಯ ಮೇಲೆ ಬರೆದಿಟ್ಟ ಕಾಲ ಅದು. ಕಂಪನಿ ನಾಟಕಗಳ ಪದ್ಯಗಳಲ್ಲಿ ಹೊತ್ತಿನ ವರ್ಣನೆ ಅಷ್ಟೊಂದು ಬರುವುದಕ್ಕೆ ಕಾವ್ಯಪ್ರೀತಿಯ ಜೊತೆಗೆ ಈ ತಾಂತ್ರಿಕ ಕಾರಣವೂ ಇತ್ತೆಂದು ನನ್ನ ಅನುಮಾನ.

ವಿದ್ಯುತ್ತು ನಮ್ಮ ಸೀಮೆಗೆ ತಡವಾಗಿ ಬಂದದ್ದೇನಲ್ಲ. ಲಂಡನ್ನಿನ ಸೆವಾಯ್ ಥಿಯೇಟರ್ ಪೂರ್ತಿ ವಿದ್ಯುದ್ದೀಪದಲ್ಲಿ ಬೆಳಗಿದ್ದು 1881ರಲ್ಲಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿ ಸೇರಿತು, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಬಂತು. ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿ, 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಇವೆಲ್ಲ ಈ ಬದಲಾವಣೆಯ ಎರಡೂ ದಡಗಳನ್ನು ಕಂಡ ಕಂಪನಿಗಳು. ವೀರಣ್ಣನವರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳು ರಂಗಕ್ಕೆ ಬಂದದ್ದು ಎಲ್ಲರಿಗೂ ನೆನಪಿದೆ. ಆ ಆನೆಯ ಮೇಲೆ ಬೆಳಕು ಬಿಟ್ಟ ಕೈ ಯಾರದೆಂದು ಯಾರೂ ಕೇಳುವುದಿಲ್ಲ. ರಂಗಭೂಮಿಯ ಚರಿತ್ರೆಗಳಲ್ಲಿ ಹಾಡಿದವರ ಹೆಸರಿದೆ, ಬರೆದವರ ಹೆಸರಿದೆ, ಕೆಲವೊಮ್ಮೆ ಪರದೆ ಬರೆದವರ ಹೆಸರೂ ಇದೆ.

ದೀಪಕ್ಕೆ ಸ್ವಿಚ್ಚು ಬಂದರೆ ಸಾಲದು. ಅದನ್ನು ನಿಧಾನವಾಗಿ ಏರಿಸಬೇಕು, ಇಳಿಸಬೇಕು. ಅದಕ್ಕೆ ಮೊದಲು ಸಿಕ್ಕ ಅಗ್ಗದ ಉಪಾಯ ಉಪ್ಪುನೀರು. ಒಂದು ಜಾಡಿಯಲ್ಲಿ ಉಪ್ಪುನೀರು ತುಂಬಿ, ತಳದಲ್ಲಿ ಒಂದು ಲೋಹದ ತಗಡು ಇಟ್ಟು, ಇನ್ನೊಂದು ತಗಡನ್ನು ಮೇಲಿಂದ ಇಳಿಬಿಟ್ಟರೆ, ಎರಡೂ ಹತ್ತಿರವಾದಂತೆ ದೀಪ ಪ್ರಕಾಶಿಸುತ್ತದೆ, ದೂರವಾದಂತೆ ಮಂಕಾಗುತ್ತದೆ. ನೀರು ಬಿಸಿಯಾಗುತ್ತದೆ, ದೃಶ್ಯ ಉದ್ದವಾದರೆ ಕುದಿಯುತ್ತದೆ. ಒದ್ದೆ ಕೈಯಲ್ಲಿ ಮುಟ್ಟಿದವನ ಕಥೆ ಮುಗಿಯಿತು. ಆಮೇಲೆ ಬಂದ ತಂತಿಸುರುಳಿಯ ಡಿಮ್ಮರ್‌ಗಳು ದೀಪಕ್ಕೆ ಕೊಡದ ಕರೆಂಟನ್ನೆಲ್ಲ ಶಾಖವಾಗಿ ಹೊರಗೆ ಹಾಕುತ್ತಿದ್ದವು. 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ತಯಾರಾದ ಥೈರಿಸ್ಟರ್ ಈ ಕೆಲಸವನ್ನೇ ಬದಲಿಸಿತು. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತ. ಅಂದರೆ 100 ಅರ್ಧ ಆವರ್ತ. ಥೈರಿಸ್ಟರ್ ಪ್ರತಿ ಅರ್ಧ ಆವರ್ತದಲ್ಲೂ ಒಂದಷ್ಟು ಭಾಗವನ್ನು ಕತ್ತರಿಸಿ ಉಳಿದದ್ದನ್ನು ಮಾತ್ರ ದೀಪಕ್ಕೆ ಬಿಡುತ್ತದೆ. ಮುಖ್ಯವಾದ ಮಾತೆಂದರೆ, ಇದನ್ನು ನಡೆಸಲು ಸಣ್ಣ ಸೂಚನೆ ಸಾಕು. ಡಿಮ್ಮರ್ ವೇದಿಕೆಯ ಹಿಂದೆ ಉಳಿಯಿತು, ಅದನ್ನು ಆಡಿಸುವವನು ಪ್ರೇಕ್ಷಕರ ಹಿಂದಕ್ಕೆ ಬಂದು ಕೂತ. ಅಲ್ಲಿಯವರೆಗೆ ವೇದಿಕೆಯ ಪಕ್ಕದಲ್ಲಿ ಮರೆಯಾಗಿ ನಿಂತು, ತಾನು ಮಾಡಿದ ಬೆಳಕು ಹೇಗಿದೆಯೆಂದೇ ಕಾಣದೆ ಕೆಲಸ ಮಾಡುತ್ತಿದ್ದವನು ಮೊದಲ ಸಲ ನಾಟಕವನ್ನು ಎದುರಿನಿಂದ ನೋಡಿದ.

ಹಾಗೆ ಎದುರು ಬಂದು ಕೂತವನ ಮುಂದಿದ್ದ ಮೇಜೇ ಟೂ ಪ್ರಿಸೆಟ್ ಡೆಸ್ಕ್. ಹವ್ಯಾಸಿ ರಂಗಭೂಮಿಯಲ್ಲಿ ಬೆಳಕು ಕಲಿತವರಲ್ಲಿ ಬಹಳ ಮಂದಿ ಇದರ ಮೇಲೇ ಕೈ ಪಳಗಿಸಿಕೊಂಡವರು. 12 ಅಥವಾ 24 ಫೇಡರ್‌ಗಳ ಎರಡು ಸಾಲು, ಎ ಮತ್ತು ಬಿ. ಎ ಸಾಲಿನ ಬೆಳಕು ರಂಗದ ಮೇಲಿರುವಾಗ ಬಿ ಸಾಲಿನಲ್ಲಿ ಮುಂದಿನ ದೃಶ್ಯವನ್ನು ಜೋಡಿಸಬೇಕು: ಮೂರನೆಯದು ಆರು, ಏಳನೆಯದು ಪೂರ್ತಿ, ಹನ್ನೊಂದನೆಯದು ನಾಲ್ಕು. ಸಮಯ ಬಂದಾಗ ಎರಡು ಮಾಸ್ಟರ್ ಫೇಡರ್‌ಗಳನ್ನು ಒಟ್ಟಿಗೆ ಸರಿಸಿದರೆ ಒಂದು ಬೆಳಕು ಇನ್ನೊಂದರೊಳಗೆ ಕರಗುತ್ತದೆ. ಅನೇಕ ಡೆಸ್ಕ್‌ಗಳಲ್ಲಿ ಬಿ ಮಾಸ್ಟರನ್ನು ತಲೆಕೆಳಗಾಗಿ ಕೂರಿಸಿರುವುದು ಇದಕ್ಕೇ. ಎರಡೂ ಬೆರಳು ಒಂದೇ ದಿಕ್ಕಿಗೆ ಹೋದರೆ ಸಾಕು. ಆಮೇಲೆ ಖಾಲಿಯಾದ ಎ ಸಾಲಿನಲ್ಲಿ ಮತ್ತೊಂದು ದೃಶ್ಯ. ನಾಟಕ ಪೂರ್ತಿ ಹೀಗೆಯೇ, ಒಂದು ಕಣ್ಣು ನಟನ ಮೇಲೆ, ಒಂದು ಕಣ್ಣು ತೊಡೆಯ ಮೇಲಿನ ಕ್ಯೂ ಹಾಳೆಯ ಮೇಲೆ. ನೋಟ್‌ಬುಕ್ಕಿನ ಹಾಳೆ, ಪೆನ್ಸಿಲ್ಲು, ತಾಲೀಮಿನಲ್ಲಿ ತಿದ್ದಿ ತಿದ್ದಿ ಕಪ್ಪಾದ ಅಂಕಿಗಳು.

ಈ ಡೆಸ್ಕ್‌ನಲ್ಲಿ ಎರಡೇ ದೃಶ್ಯಗಳು ಇರಲು ಸಾಧ್ಯ. ಉಳಿದದ್ದು ಹಾಳೆಯಲ್ಲಿ ಮತ್ತು ತಲೆಯಲ್ಲಿ. ಹಾಗಾಗಿ ನಟ ಒಂದು ಮಾತು ಬಿಟ್ಟು ಮುಂದೆ ಹೋದರೆ ಬೆಳಕಿನವನೂ ಹೋಗುತ್ತಿದ್ದ, ಹಿಂದೆ ಬಂದರೆ ಬರುತ್ತಿದ್ದ. ಒನ್ಸ್ ಮೋರ್ ಎಂದರೆ ಅವನಿಗೆ ಏನೂ ಕೆಲಸವಿಲ್ಲ. ಕೈ ಎತ್ತದೆ ಕೂತರಾಯಿತು.

ಬೆಳಕಿನ ವಿನ್ಯಾಸ ಒಂದು ಪ್ರತ್ಯೇಕ ಕಲೆ ಎಂಬ ಅರಿವು ಕನ್ನಡದಲ್ಲಿ ಗಟ್ಟಿಯಾದದ್ದೂ ಈ ಅವಧಿಯಲ್ಲೇ. 1963ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ ತೆರೆಯಿತು. ವಿ. ರಾಮಮೂರ್ತಿಯವರಂಥ ವಿನ್ಯಾಸಕರ ಹೆಸರು ನಾಟಕದ ಕರಪತ್ರದಲ್ಲಿ ಕಾಣಿಸತೊಡಗಿತು. ಅತ್ತ ಕೋಲ್ಕತ್ತದಲ್ಲಿ ತಾಪಸ್ ಸೇನ್ 1959ರಲ್ಲಿ ಉತ್ಪಲ್ ದತ್ತರ ‘ಅಂಗಾರ್’ ನಾಟಕಕ್ಕೆ ಕಲ್ಲಿದ್ದಲ ಗಣಿಯೊಳಗೆ ನೀರು ನುಗ್ಗಿ ಕಾರ್ಮಿಕರು ಮುಳುಗುವುದನ್ನು ಬೆಳಕಿನಿಂದಲೇ ತೋರಿಸಿ ದೇಶವೆಲ್ಲ ಮಾತಾಡುವಂತೆ ಮಾಡಿದ್ದರು. 1985ರಿಂದ ಹೆಗ್ಗೋಡಿನ ನೀನಾಸಂ ತಿರುಗಾಟ ಊರೂರಿಗೆ ನಾಟಕ ಹೊತ್ತು ಹೊರಟಾಗ ಇನ್ನೊಂದು ಪಾಠ ಶುರುವಾಯಿತು. ಇವತ್ತಿನ ವೇದಿಕೆ ಅಗಲ, ನಾಳೆಯದು ಕಿರಿದು. ಇವತ್ತು ಸಭಾಂಗಣ, ನಾಳೆ ಶಾಲೆಯ ಅಂಗಳ. ಹಾಳೆಯಲ್ಲಿದ್ದ ಅಂಕಿ ಅದೇ, ಕಾಣುವ ಬೆಳಕು ಬೇರೆ. 1989ರಲ್ಲಿ ಬಿ.ವಿ. ಕಾರಂತರ ಮುಂದಾಳತ್ವದಲ್ಲಿ ಮೈಸೂರಿನ ರಂಗಾಯಣ ಆರಂಭವಾದಾಗ ಇದಕ್ಕೆ ತಿರುವುಮುರುವಾದ ಅಗತ್ಯ ಬಂತು: ಒಂದೇ ನಾಟಕವನ್ನು ತಿಂಗಳುಗಳ ನಂತರವೂ ಅದೇ ಬೆಳಕಿನಲ್ಲಿ ಆಡಬೇಕು. ಆಗ ನೆನಪು ತಲೆಯಲ್ಲಿದ್ದರೆ ಸಾಲದು.

ಯಂತ್ರಕ್ಕೆ ನೆನಪು ಕೊಡುವ ಕೆಲಸ ಹೊರಗೆ ಅಷ್ಟರಲ್ಲಿ ನಡೆದುಹೋಗಿತ್ತು. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 1975ರಲ್ಲಿ ‘ಎ ಕೋರಸ್ ಲೈನ್’ ನಾಟಕಕ್ಕೆ ವಿನ್ಯಾಸಕಿ ಥ್ಯಾರನ್ ಮಸ್ಸರ್ ಮೆಮೊರಿ ಇರುವ ಡೆಸ್ಕ್ ತಂದರು. ಅಲ್ಲಿಯವರೆಗೆ ಅಲ್ಲಿ ದೊಡ್ಡ ಡಿಮ್ಮರ್ ಪೆಟ್ಟಿಗೆಗಳ ಹಿಡಿಗಳನ್ನು ಎಳೆಯಲು ಹಲವು ಜನ ಬೇಕಾಗುತ್ತಿತ್ತು. 1986ರಲ್ಲಿ ಡಿಎಂಎಕ್ಸ್ 512 ಎಂಬ ಸಾಮಾನ್ಯ ಭಾಷೆ ಬಂತು. ಒಂದೇ ಕೇಬಲ್ಲಿನಲ್ಲಿ 512 ಚಾನೆಲ್, ಒಂದೊಂದಕ್ಕೂ 0ಯಿಂದ 255ರವರೆಗೆ ಬೆಲೆ, ಸೆಕೆಂಡಿಗೆ ಸುಮಾರು 44 ಸಲ ಎಲ್ಲ ಬೆಲೆಗಳೂ ಮತ್ತೆ ಮತ್ತೆ ಹೋಗುತ್ತವೆ. ಯಾವ ಕಂಪನಿಯ ಡೆಸ್ಕ್ ಯಾವ ಕಂಪನಿಯ ದೀಪವನ್ನಾದರೂ ನಡೆಸಬಹುದು. ಕಟ್ಟೆಮಳಲವಾಡಿಗೆ ಬಂದ ಹುಡುಗನೂ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಮಾಡುತ್ತಿದ್ದದ್ದು ಇದನ್ನೇ. ಆರು ಚಾನೆಲ್ಲಿನ ಎಲ್‌ಇಡಿ ಪಾರ್ ಲೈಟುಗಳಿಗೆ ವಿಳಾಸ ಕೊಡುತ್ತಿದ್ದ: ಮೊದಲನೆಯದಕ್ಕೆ 1, ಎರಡನೆಯದಕ್ಕೆ 7, ಮೂರನೆಯದಕ್ಕೆ 13. ಒಂದು ತಪ್ಪಿದರೆ ಕೃಷ್ಣನ ಮುಖದ ನೀಲಿ ಧೃತರಾಷ್ಟ್ರನ ಮೇಲೆ ಬೀಳುತ್ತದೆ.

ಪ್ರೋಗ್ರಾಮ್ ಮಾಡುವುದೆಂದರೆ ಈ ಬೆಲೆಗಳ ಜೋಡಣೆಯನ್ನು ಒಂದೊಂದು ಕ್ಯೂ ಆಗಿ ಉಳಿಸಿ, ಕ್ಯೂನಿಂದ ಕ್ಯೂಗೆ ಎಷ್ಟು ಸೆಕೆಂಡಿನಲ್ಲಿ ಹೋಗಬೇಕೆಂದು ಬರೆದು, ಸಾಲಾಗಿ ಪೋಣಿಸುವುದು. ಪ್ರದರ್ಶನದ ದಿನ ‘ಗೋ’ ಗುಂಡಿ ಒತ್ತಿದರಾಯಿತು. ಹಿಂದೆ ಹತ್ತು ಬೆರಳಿಗೂ ಎಟುಕದಿದ್ದ ಸೂರ್ಯೋದಯ ಈಗ ಒಂದೇ ಬೆರಳಿನ ಕೆಲಸ. 2010ರಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ರಂಗಾಯಣದ ಆವರಣದಲ್ಲಿ ‘ಮಲೆಗಳಲ್ಲಿ ಮದುಮಗಳು’ ರಾತ್ರಿಯಿಡೀ, ಸುಮಾರು ಒಂಬತ್ತು ಗಂಟೆ, ಬೇರೆ ಬೇರೆ ರಂಗಸ್ಥಳಗಳಲ್ಲಿ ನಡೆಯಿತು. ಪ್ರೇಕ್ಷಕರು ಎದ್ದು ಹೋಗಿ ಮುಂದಿನ ರಂಗದ ಎದುರು ಕೂರಬೇಕಿತ್ತು. ಅಷ್ಟುದ್ದದ ಬೆಳಕನ್ನು ಬರೀ ನೆನಪಿನಲ್ಲಿ ಇಟ್ಟುಕೊಳ್ಳುವುದು ಮನುಷ್ಯಮಾತ್ರರಿಗೆ ಕಷ್ಟ. ಹಾಗಾಗಿ ಡೆಸ್ಕನ್ನು ದೂರುವವರ ಗುಂಪಿಗೆ ನಾನು ಸೇರುವುದಿಲ್ಲ.

ಆದರೆ ಎರಡು ಕಡೆ ಡೆಸ್ಕ್ ಸೋಲುತ್ತದೆ. ಒಂದು, ದೀಪದ್ದೇ ಗುಣ. ಹಳೆಯ ಹ್ಯಾಲೊಜನ್ ದೀಪ ಇಳಿಯುತ್ತಾ ಕೆಂಪಾಗುತ್ತದೆ. ಆರಿಸಿದ ಮೇಲೂ ತಂತಿ ಒಂದು ಗಳಿಗೆ ಉರಿಯುತ್ತಲೇ ಇರುತ್ತದೆ. ದುರ್ಯೋಧನ ಬೀಳುವಾಗ ಆ ಕೊನೆಯ ಕೆಂಪು ತಾನಾಗಿ ಬರುತ್ತಿತ್ತು. ಎಲ್‌ಇಡಿಗೆ ಆ ಸಾವು ಗೊತ್ತಿಲ್ಲ. ಅದನ್ನು ಕೆಂಪು ಬೆರೆಸಿ ಪ್ರೋಗ್ರಾಮ್ ಮಾಡಬೇಕು. ಸಾಧಾರಣ ದೀಪಗಳಲ್ಲಿ 255 ಮೆಟ್ಟಿಲುಗಳ ಕೊನೆಯ ಹತ್ತು ಮೆಟ್ಟಿಲು ಕಣ್ಣಿಗೆ ಕಾಣುವಂತೆ ಜಿಗಿಯುತ್ತವೆ. ಅವಸರದ ಬಾಡಿಗೆ ಕೆಲಸದಲ್ಲಿ ಇಷ್ಟಕ್ಕೆಲ್ಲ ಹೊತ್ತಿಲ್ಲ. ಅನೇಕ ಕಡೆ ದೀಪಗಳನ್ನು ಆಟೋಗೆ ಹಾಕಿ ಬಿಟ್ಟುಬಿಡುತ್ತಾರೆ. ದ್ರೌಪದಿ ಅಳುತ್ತಿರುವಾಗ ಹಿಂದೆ ಹಸಿರು ಹಳದಿ ಓಡುತ್ತಿರುತ್ತದೆ.

ಇನ್ನೊಂದು, ಕ್ಯೂಗಳ ಸಾಲು ಮುಂದಕ್ಕಷ್ಟೇ ನೋಡುತ್ತದೆ. ತಿದ್ದಿದ, ಅಳತೆಗೆ ಸಿಕ್ಕಿದ ನಾಟಕಕ್ಕೆ ಅದು ಹೊಂದುತ್ತದೆ. ನಮ್ಮ ಪೌರಾಣಿಕ ನಾಟಕ ಆ ಜಾತಿಯದಲ್ಲ. ಅಲ್ಲಿ ಮೇಷ್ಟ್ರು ಪದ್ಯವನ್ನು ಎಳೆಯುತ್ತಾರೆ, ನಡುವೆ ಊರಿನ ಹಿರಿಯರು ವೇದಿಕೆ ಹತ್ತಿ ಕೃಷ್ಣನಿಗೆ ಹಾರ ಹಾಕುತ್ತಾರೆ, ದಾನಿಗಳ ಹೆಸರು ಓದುತ್ತಾರೆ, ಒನ್ಸ್ ಮೋರ್ ಆಗುತ್ತದೆ. ಟೂ ಪ್ರಿಸೆಟ್ಟಿನ ಮುಂದೆ ಕೂತವನು ಇದನ್ನೆಲ್ಲ ಯೋಚಿಸದೆ ನಿಭಾಯಿಸುತ್ತಿದ್ದ. ಅವನ ಕಿವಿ ಹಾರ್ಮೋನಿಯಂ ಕಡೆಗಿತ್ತು. ಟೈಮಿಂಗ್ ಹಾಕಿದ ಡೆಸ್ಕ್ ಆ ಕಿವಿಗೆ ರಜೆ ಕೊಡುತ್ತದೆ.

ಚರಿತ್ರೆ ಬರೆಯುವವರಿಗೆ ಇದರಲ್ಲಿ ಇನ್ನೊಂದು ಚಿಂತೆಯಿದೆ. ಸಂಭಾಷಣೆ ಅಚ್ಚಾಗುತ್ತದೆ, ಹಾಡು ರೆಕಾರ್ಡ್ ಆಗುತ್ತದೆ, ವೇಷದ ಫೋಟೋ ಉಳಿಯುತ್ತದೆ. ಹಳೆಯ ಫೋಟೋಗಳಲ್ಲಿ ಕಾಣುವುದು ಬಹಳ ಸಲ ಫೋಟೋಗ್ರಾಫರನ ಫ್ಲ್ಯಾಶು, ನಾಟಕದ ಬೆಳಕಲ್ಲ. ಡೆಸ್ಕ್ ಬಂದಮೇಲೆ ಮೊಟ್ಟಮೊದಲ ಬಾರಿಗೆ ಒಂದು ನಾಟಕದ ಬೆಳಕು ಅಂಕಿಅಂಶ ಸಮೇತ ಪೂರ್ತಿ ದಾಖಲಾಗುತ್ತಿದೆ. ಆದರೆ ಒಂದು ಡೆಸ್ಕಿನ ಶೋ ಫೈಲನ್ನು ಇನ್ನೊಂದು ಕಂಪನಿಯ ಡೆಸ್ಕ್ ಸಾಮಾನ್ಯವಾಗಿ ಓದುವುದಿಲ್ಲ. ಫ್ಲಾಪಿಯಲ್ಲಿ ಉಳಿಸಿದ್ದು ಈಗ ಫ್ಲಾಪಿಯಲ್ಲೇ ಇದೆ. ಪೆನ್ಸಿಲಿನ ಕ್ಯೂ ಹಾಳೆ ಸಿಕ್ಕರೆ ಇಂದಿಗೂ ಓದಬಹುದು. ಅಂಥ ನೋಟ್‌ಬುಕ್ಕುಗಳು ಈ ಸೀಮೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಇದ್ದಾವು. ಹಳೆ ಪೇಪರಿನವನ ತಕ್ಕಡಿ ಹತ್ತುವ ಮೊದಲು ಯಾರಾದರೂ ಕೇಳಿ ಪಡೆಯಬೇಕು.

ಆ ಹುಡುಗನನ್ನು ಮುಂದಿನ ವರ್ಷ ಪಿರಿಯಾಪಟ್ಟಣದ ಕಡೆಯ ಇನ್ನೊಂದು ‘ಕುರುಕ್ಷೇತ್ರ’ದಲ್ಲಿ ಕಂಡೆ. ಅದೇ ಡೆಸ್ಕ್. ಫೇಡರ್‌ಗಳ ಕೆಳಗೆ ಬಿಳಿ ಟೇಪು ಅಂಟಿಸಿ ಮಾರ್ಕರಿನಲ್ಲಿ ಬರೆದಿದ್ದ: ಸಭೆ, ಹೊಳೆ, ಯುದ್ಧ, ಕೃಷ್ಣ. ಟೈಮಿಂಗ್ ಎಲ್ಲ ತೆಗೆದುಹಾಕಿದ್ದನಂತೆ. ಕೊನೆಯ ಫೇಡರಿನ ಕೆಳಗೆ ‘ಒ.ಮೋ.’ ಎಂದಿತ್ತು. ಅದೇನೆಂದು ನಾನು ಕೇಳುವಷ್ಟರಲ್ಲಿ ಮೇಷ್ಟ್ರು ಶ್ರುತಿ ಹಿಡಿದರು. ಅವನು “ಆಮೇಲ್ ಹೇಳ್ತೀನಿ ಸಾ” ಅಂದು ಆ ಕಡೆ ತಿರುಗಿದ.