ಲ್ಯಾಟಿನ್ ಕವಿಗಳು ಕಂಡ ಗ್ರೀಕ್ ಪೂರ್ವಸೂರಿಗಳು

ಲ್ಯಾಟಿನ್ ಸಾಹಿತ್ಯ ಕಣ್ತೆರೆಯುವ ಹೊತ್ತಿಗೆ ಗ್ರೀಕ್ ಕಾವ್ಯಕ್ಕೆ ಸುಮಾರು ಐದು ಶತಮಾನಗಳ ವಯಸ್ಸಾಗಿತ್ತು. ಅಷ್ಟು ದೊಡ್ಡ ಐಶ್ವರ್ಯದೆದುರು ಕಿರಿಯ ಭಾಷೆಯ ಕವಿ ಹೇಗೆ ನಿಲ್ಲಬೇಕು? ರೋಮಿನ ಕವಿಗಳು ಗ್ರೀಕ್ ಹಿರಿಯರನ್ನೇ ತಮ್ಮ ಕಾವ್ಯದೊಳಕ್ಕೆ ಕರೆತಂದು ಈ ಪ್ರಶ್ನೆಗೆ ಉತ್ತರ ಕಂಡುಕೊಂಡರು.

ಎನ್ನಿಯಸ್ (ಕ್ರಿ.ಪೂ. 239–169) ತನ್ನ ‘ಆನಲ್ಸ್’ ಮಹಾಕಾವ್ಯದ ಆರಂಭದಲ್ಲಿ ಒಂದು ಕನಸನ್ನು ವರ್ಣಿಸಿದ್ದನು. ಅದರಲ್ಲಿ ಹೋಮರ್ ಕಾಣಿಸಿಕೊಂಡು, ತನ್ನ ಆತ್ಮವೇ ಎನ್ನಿಯಸನಲ್ಲಿ ನೆಲೆಸಿದೆಯೆಂದು ತಿಳಿಸುತ್ತಾನೆ. ದೇಶೀಯ ಛಂದಸ್ಸನ್ನು ಬಿಟ್ಟು ಹೋಮರನ ಹೆಕ್ಸಾಮೀಟರನ್ನು ಲ್ಯಾಟಿನ್ ಮಹಾಕಾವ್ಯಕ್ಕೆ ತಂದವನು ಎನ್ನಿಯಸ್. ಪೈಥಾಗೊರಸನ ಪುನರ್ಜನ್ಮತತ್ತ್ವ ಅವನ ಆ ಸಾಹಸಕ್ಕೆ ಹಕ್ಕುಪತ್ರವಾಯಿತು.

ಹೊರೇಸನ (ಕ್ರಿ.ಪೂ. 65–8) ರೀತಿ ಬೇರೆ. ಉರುಳಿಬಿದ್ದ ಮರದಿಂದ ಕೂದಲೆಳೆಯಲ್ಲಿ ಪಾರಾದುದನ್ನು ಹೇಳುವ ಪ್ರಗಾಥದಲ್ಲಿ ಅವನು ಮೃತ್ಯುಲೋಕವನ್ನು ಕಲ್ಪಿಸುತ್ತಾನೆ. ಅಲ್ಲಿ ಲೆಸ್ಬೋಸ್ ದ್ವೀಪದ ಸ್ಯಾಫೊ ಮತ್ತು ಆಲ್ಕೀಯಸ್ ಹಾಡುತ್ತಿದ್ದಾರೆ. ಪ್ರೇತಗಳು ನಿಶ್ಶಬ್ದವಾಗಿ ಆಲಿಸುತ್ತಿವೆ. ಆದರೆ ಯುದ್ಧಗಳನ್ನೂ ನಿರಂಕುಶ ದೊರೆಗಳ ಉಚ್ಚಾಟನೆಯನ್ನೂ ಹಾಡುವ ಆಲ್ಕೀಯಸನ ಕಡೆಗೇ ಹೆಚ್ಚು ನೂಕುನುಗ್ಗಲು. ಆ ಪ್ರಗಾಥದ ಛಂದಸ್ಸೂ ಆಲ್ಕೀಯಸನದೇ ಎಂಬುದನ್ನು ಗಮನಿಸಬೇಕು. ಗುರುವಿಗೆ ಸಭೆ ಕೂಡಿಸುವ ಶಿಷ್ಯ ತನಗೂ ಒಂದು ಪೀಠ ಹಾಕಿಕೊಳ್ಳುತ್ತಾನೆ. ಇನ್ನೊಂದೆಡೆ ಪಿಂಡಾರನನ್ನು ಮಳೆಯಿಂದುಕ್ಕಿ ಬೆಟ್ಟವಿಳಿಯುವ ಹೊಳೆಗೆ ಹೋಲಿಸಿ, ತಾನು ಶ್ರಮಪಟ್ಟು ಜೇನು ಕೂಡಿಸುವ ದುಂಬಿ ಎನ್ನುತ್ತಾನೆ. ಅದು ವಿನಯವೂ ಹೌದು, ತನ್ನ ಮಾರ್ಗದ ಸಮರ್ಥನೆಯೂ ಹೌದು.

ಇಂಥ ಚಿತ್ರಣಗಳಿಂದ ಹಾನಿಯೂ ಉಂಟು. ಓವಿಡನ ಹೆಸರಿನಲ್ಲಿ ಬಂದಿರುವ ಒಂದು ಪದ್ಯಪತ್ರದ ಕರ್ತೃತ್ವ ವಿವಾದಾಸ್ಪದ. ಅದರಲ್ಲಿ ಸ್ಯಾಫೊ ತನ್ನನ್ನು ತೊರೆದ ಫಾವೊನ್ ಎಂಬ ಯುವಕನಿಗಾಗಿ ಹಂಬಲಿಸುತ್ತಾಳೆ; ದುಃಖದಿಂದ ಅವಳ ವೀಣೆ ಮೂಕವಾಗಿದೆ; ಕಡಲಬಂಡೆಯಿಂದ ಧುಮುಕಲು ಅವಳು ಸಿದ್ಧಳಾಗಿದ್ದಾಳೆ. ಕತೆ ಗ್ರೀಕ್ ಪ್ರಹಸನಗಳಲ್ಲೇ ಇದ್ದದ್ದು. ಆದರೆ ಸ್ಯಾಫೊಳ ಸ್ವಂತ ಕೃತಿಗಳು ಬಹುಪಾಲು ನಷ್ಟವಾಗಿ ಈ ಲ್ಯಾಟಿನ್ ಪತ್ರ ಉಳಿದದ್ದರಿಂದ, ಯೂರೋಪಿನ ಓದುಗರಿಗೆ ಶತಮಾನಗಳ ಕಾಲ ಪರಿಚಿತಳಾದವಳು ಈ ಪರಿತ್ಯಕ್ತೆಯೇ.

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1898ರಲ್ಲಿ ಪ್ರಕಟವಾದ ಪಪೈರಸ್ ತುಣುಕೊಂದರಲ್ಲಿ ಬೇರೊಬ್ಬ ಸ್ಯಾಫೊ ಮಾತನಾಡಿದಳು. ಅಲ್ಲಿ ಅವಳು ತನ್ನ ಸೋದರ ಕ್ಷೇಮವಾಗಿ ಮನೆಗೆ ಮರಳಲೆಂದು ಸಮುದ್ರಕನ್ಯೆಯರನ್ನು ಪ್ರಾರ್ಥಿಸುತ್ತಾಳೆ. ಪೂರ್ವಕವಿಯ ಚಿತ್ರ ಬರೆಯುವವನು ತನ್ನ ಮುಖವನ್ನೂ ಅದರಲ್ಲಿ ಬರೆಯುತ್ತಾನೆ. ಆ ಚಿತ್ರದ ಸೊಬಗಿಗೆ ನಾವು ತಲೆದೂಗಬಹುದು. ಆದರೆ ಮೂಲದ ದನಿ ಚೂರಾಗಿ ಸಿಕ್ಕರೂ ಅದಕ್ಕೆ ಕಿವಿಗೊಡುವುದು ಸಹೃದಯರು ಸಲ್ಲಿಸಬೇಕಾದ ಋಣ.