ಇನ್ನೊಂದು ಕೈರೋದ ಶಾಲೆ

ಕೈರೋ ಎಂದೊಡನೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ನೆನಪಾಗುವುದು ಅಲ್ ಅಝ್‌ಹರ್ ಇರುವ ಈಜಿಪ್ಟಿನ ರಾಜಧಾನಿ. ನಾವು ಈ ಬಾರಿ ಹೇಳಹೊರಟಿರುವುದು ಬೇರೊಂದು ಕೈರೋದ ಕಥೆ. ಅಮೆರಿಕದ ಟೆನ್ನೆಸ್ಸಿ ರಾಜ್ಯದ ಸಮ್ನರ್ ಕೌಂಟಿಯಲ್ಲಿ ಆ ಹೆಸರಿನ ಪುಟ್ಟ ಹಳ್ಳಿಯೊಂದಿದೆ. 1922ರಲ್ಲಿ ಅಲ್ಲಿ ಮರದ ಹಲಗೆಗಳ ಒಂದು ಶಾಲೆ ಎದ್ದಿತು. ಒಬ್ಬರೇ ಶಿಕ್ಷಕರು ನಡೆಸುವ ಶಾಲೆ ಅದು. ಆ ಸೀಮೆಯ ಕಪ್ಪು ವರ್ಣೀಯ ಮಕ್ಕಳು 1959ರವರೆಗೆ ಅದರಲ್ಲಿ ಓದಿದರು. ಶಾಲೆ ಮುಚ್ಚಿದ ಮೇಲೆ ಅದೇ ಕಟ್ಟಡ ಊರಿನ ಸಮುದಾಯ ಭವನವಾಯಿತು.

ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲೇ ಕಾನೂನಿನ ಪ್ರಕಾರ ಕೊನೆಗೊಂಡಿತ್ತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರಿಗೇ ಒಂದು ಶಾಲೆ, ಕಪ್ಪು ಜನರಿಗೇ ಒಂದು ಶಾಲೆ. ತೆರಿಗೆ ಇಬ್ಬರಿಂದಲೂ, ಹಣದ ಸಿಂಹಪಾಲು ಬಿಳಿಯರ ಶಾಲೆಗೆ. ಕಪ್ಪು ಮಕ್ಕಳು ಎಷ್ಟೋ ಕಡೆ ಚರ್ಚಿನ ಒಳಗೆ, ಮುರುಕು ಗುಡಿಸಲಿನಲ್ಲಿ ಕುಳಿತು ಅಕ್ಷರ ಕಲಿಯುತ್ತಿದ್ದರು. ಗುಲಾಮಗಿರಿಯಲ್ಲೇ ಹುಟ್ಟಿ, ಮುಂದೆ ಅಲಬಾಮದ ಟಸ್ಕೀಗಿ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಬೂಕರ್ ಟಿ. ವಾಷಿಂಗ್ಟನ್ ಈ ಸಂಕಟವನ್ನು ಜೂಲಿಯಸ್ ರೋಸೆನ್‌ವಾಲ್ಡ್ ಎಂಬ ಶಿಕಾಗೋದ ವ್ಯಾಪಾರಿಯ ಮುಂದಿಟ್ಟರು. ಜರ್ಮನಿಯಿಂದ ವಲಸೆ ಬಂದ ಯಹೂದಿ ಕುಟುಂಬದ ಮಗನಾದ ರೋಸೆನ್‌ವಾಲ್ಡ್ ಆಗ ಸಿಯರ್ಸ್ ಕಂಪೆನಿಯ ಮುಖ್ಯಸ್ಥರು. 1912ರಲ್ಲಿ ಟಸ್ಕೀಗಿಯ ಸುತ್ತಮುತ್ತ ಆರು ಶಾಲೆಗಳಿಂದ ಆರಂಭವಾದ ಕೆಲಸ 1932ರ ಹೊತ್ತಿಗೆ 15 ರಾಜ್ಯಗಳಲ್ಲಿ ಸುಮಾರು 5,000 ಶಾಲೆಗಳಿಗೆ ಮುಟ್ಟಿತು. ಕೈರೋದ್ದು ಅವುಗಳಲ್ಲಿ ಒಂದು.

ಇವಕ್ಕೆಲ್ಲ ರೋಸೆನ್‌ವಾಲ್ಡ್ ಶಾಲೆಗಳೆಂದೇ ಹೆಸರು. ನಮಗೆ ಈ ಹೆಸರಿನ ಬಗ್ಗೆಯೇ ಸ್ವಲ್ಪ ತಕರಾರಿದೆ. ಅವರು ಪೂರ್ತಿ ಹಣ ಕೊಟ್ಟವರಲ್ಲ. ಊರವರೂ ಹಾಕಬೇಕು, ಸರಕಾರವೂ ಹಾಕಬೇಕು, ಆಗ ಮಾತ್ರ ತಮ್ಮ ಪಾಲು ಎಂಬುದು ಅವರ ಷರತ್ತು. ಒಟ್ಟು ಖರ್ಚಾದ 2.8 ಕೋಟಿ ಡಾಲರ್‌ಗಳಲ್ಲಿ ಹೆಚ್ಚಿನದು ತೆರಿಗೆಯ ಹಣ. ರೋಸೆನ್‌ವಾಲ್ಡ್ ನಿಧಿಯ ಪಾಲು ಸುಮಾರು 43 ಲಕ್ಷ. ಕಪ್ಪು ಜನರು ಕೈಯಿಂದ ಕೊಟ್ಟದ್ದು 47 ಲಕ್ಷ! ಕೋಟ್ಯಧಿಪತಿಗಿಂತ ಕೂಲಿಕಾರರೇ ಹೆಚ್ಚು ಕೊಟ್ಟರು. ಅದೂ ತೆರಿಗೆ ಕಟ್ಟಿದ ಮೇಲೆ ಎರಡನೇ ಸಲ.

ಹೇಗೆ ಕೊಟ್ಟರು? ಹೊಲದ ಒಂದು ಮೂಲೆಯನ್ನು ಶಾಲೆಗೆಂದೇ ಮೀಸಲಿಟ್ಟು ಅದರಲ್ಲಿ ಬೆಳೆದ ಹತ್ತಿ ಮಾರಿದರು. ಕೋಳಿ, ಮೊಟ್ಟೆ ಮಾರಿದರು. ಹಣವಿಲ್ಲದವರು ಮರ ಕಡಿದು ಕೊಟ್ಟರು, ದಿನಗಟ್ಟಲೆ ಮೈಮುರಿದು ದುಡಿದರು. ಅಲಬಾಮದ ಬೊಲಿಗೀ ಎಂಬಲ್ಲಿ ಚಂದಾ ಎತ್ತಲು ಸಭೆ ಸೇರಿದ್ದಾಗ ಗುಲಾಮಗಿರಿಯ ಕಾಲ ಕಂಡಿದ್ದ ಮುದುಕರೊಬ್ಬರು ಎದ್ದು ಬಂದು ಜಿಡ್ಡುಗಟ್ಟಿದ ಹಳೆಯ ಚೀಲವೊಂದನ್ನು ಮೇಜಿನ ಮೇಲೆ ಸುರಿದರಂತೆ. ಅದರಲ್ಲಿದ್ದದ್ದು 38 ಡಾಲರ್. ಅವರ ಇಡೀ ಬಾಳಿನ ಉಳಿತಾಯ ಅಷ್ಟೇ. ಆ ವಯಸ್ಸಿನಲ್ಲಿ ಅವರು ಯಾವ ಶಾಲೆಗೆ ಹೋಗಬೇಕಿತ್ತು?

ಇನ್ನು ಕಟ್ಟಡ. ಹಳ್ಳಿಗಳಿಗೆ ವಿದ್ಯುತ್ ಬಂದಿರದ ಕಾಲ ಅದು. ಹಾಗಾಗಿ ಪೂರ್ವ ಅಥವಾ ಪಶ್ಚಿಮಕ್ಕೆ ಎತ್ತರದ ಕಿಟಕಿಗಳ ಸಾಲು. ಬರೆಯುವ ಮಕ್ಕಳ ಎಡಭಾಗದಿಂದ ಬೆಳಕು ಬೀಳುವಂತೆ ಬೆಂಚುಗಳು. ಒಂದಕ್ಕಿಂತ ಹೆಚ್ಚು ಕೋಣೆಗಳಿದ್ದರೆ ನಡುವಿನ ಗೋಡೆಯನ್ನು ಮಡಚುವ ಅಥವಾ ಸರಿಸುವ ಹಾಗೆ ಮಾಡುತ್ತಿದ್ದರು. ಸಂಜೆ ಅದನ್ನು ಸರಿಸಿದರೆ ಊರಿಗೆ ಊರೇ ಕೂರುವಷ್ಟು ಜಾಗ. ನಕ್ಷೆ ಬರೆದವರು ಮೊದಲ ದಿನದಿಂದಲೇ ಶಾಲೆಯ ಒಳಗೊಂದು ಸಭಾಂಗಣವನ್ನು ಇಟ್ಟಿದ್ದರು. ಆದ್ದರಿಂದ ಮುಂದೆ ಶಾಲೆ ಸಮುದಾಯ ಭವನವಾದಾಗ ಅದು ತೀರಾ ಹೊಸ ವೇಷವೇನೂ ಆಗಿರಲಿಲ್ಲ.

ಆದರೆ ಪತ್ರದ ವಿಷಯ ಬೇರೆ. ಕಟ್ಟಡ ಮುಗಿದ ಮೇಲೆ ಜಾಗ, ಕಟ್ಟಡ ಎರಡನ್ನೂ ಸರಕಾರಿ ಶಾಲಾ ಮಂಡಳಿಯ ಹೆಸರಿಗೆ ಬರೆದುಕೊಡಬೇಕೆಂಬುದು ಇನ್ನೊಂದು ಷರತ್ತು. ಶಿಕ್ಷಕರ ಸಂಬಳ, ಶಾಲೆಯ ನಿರ್ವಹಣೆ ಸರಕಾರದ ಹೊಣೆಯಾಗಲಿ ಎಂಬ ಉದ್ದೇಶ ಒಳ್ಳೆಯದೇ. ಒಮ್ಮೆ ವಕ್ಫ್ ಮಾಡಿದ ಆಸ್ತಿ ಮಾರಾಟಕ್ಕಿಲ್ಲ ಎಂದು ಕೇಳುತ್ತ ಬೆಳೆದ ನಮಗೆ ಮಾತ್ರ ಇಲ್ಲಿ ಎದೆ ಸ್ವಲ್ಪ ಹೊಡೆದುಕೊಳ್ಳುತ್ತದೆ. ಹತ್ತಿ ಮಾರಿ ಕಟ್ಟಿದವರ ಕೈಯಲ್ಲಿ ಒಂದು ತುಂಡು ಕಾಗದವೂ ಉಳಿಯಲಿಲ್ಲ.

ಇದರ ಬೆಲೆ ತಿಳಿದದ್ದು ಶಾಲೆಗಳು ಮುಚ್ಚತೊಡಗಿದಾಗ. ಸಣ್ಣ ಶಾಲೆಗಳನ್ನು ಒಂದುಗೂಡಿಸುವ ಕೆಲಸ ಅಲ್ಲಲ್ಲಿ ನಡೆದೇ ಇತ್ತು. 1954ರಲ್ಲಿ ಬಣ್ಣದ ಆಧಾರದಲ್ಲಿ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ನ್ಯಾಯವಾದ ತೀರ್ಪು; ಆದರೆ ಅದರ ನಂತರದ ವರ್ಷಗಳಲ್ಲಿ ಬೀಗ ಬಿದ್ದದ್ದು ಹೆಚ್ಚಾಗಿ ಕಪ್ಪು ಜನರ ಶಾಲೆಗಳಿಗೇ. ಖಾಲಿ ಕಟ್ಟಡಗಳನ್ನು ಏನು ಮಾಡಬೇಕೆಂದು ತೀರ್ಮಾನಿಸುವವರು ಮಂಡಳಿಯವರು. ಕೆಲವನ್ನು ಮಾರಿದರು, ಕೆಲವನ್ನು ಕೆಡವಿದರು, ಎಷ್ಟೋ ಕಟ್ಟಡಗಳು ಗೆದ್ದಲು ತಿಂದು ನೆಲಕ್ಕೊರಗಿದವು. ಅಜ್ಜ ಕಟ್ಟಿದ ಶಾಲೆಯನ್ನು ಮೊಮ್ಮಕ್ಕಳು ಮತ್ತೆ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕಾದ ಊರುಗಳೂ ಇದ್ದವು. ದಕ್ಷಿಣ ಕ್ಯಾರೊಲಿನದ ಪೈನ್ ಗ್ರೋವ್‌ನ ಎರಡು ಕೋಣೆಯ ಶಾಲೆ 1923ರಲ್ಲಿ ಕಟ್ಟಿದ್ದು, 1950ರಲ್ಲಿ ಮುಚ್ಚಿದ್ದು. ಊರಿನವರ ಸಂಘವೊಂದು ಅದನ್ನು ತನ್ನದಾಗಿಸಿಕೊಂಡು ಸಮುದಾಯ ಭವನ ಮಾಡಿದ್ದು 1968ರಲ್ಲಿ, ಹದಿನೆಂಟು ವರ್ಷಗಳ ನಂತರ.

2002ರಲ್ಲಿ ಅಮೆರಿಕದ ರಾಷ್ಟ್ರೀಯ ಸ್ಮಾರಕ ಸಂರಕ್ಷಣಾ ಟ್ರಸ್ಟ್ ಈ ಶಾಲೆಗಳನ್ನು ಅಳಿವಿನಂಚಿನಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಅಷ್ಟರಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಹೋಗಿಯೇ ಬಿಟ್ಟಿದ್ದವು. ಕೈರೋದಲ್ಲಿ ಗಂಟೆ ಹೊಡೆಯುವುದು ನಿಂತ ಮೇಲೂ ಜನ ಅಲ್ಲಿಗೆ ಬರುವುದನ್ನು ನಿಲ್ಲಿಸಲಿಲ್ಲ. ಪಾಠ ನಡೆಯುತ್ತಿದ್ದ ಅದೇ ಕೋಣೆಯಲ್ಲಿ, ಅದೇ ಎತ್ತರದ ಕಿಟಕಿಗಳ ಬೆಳಕಿನಲ್ಲಿ ಊರಿನ ಸಭೆ ಸೇರುತ್ತ ಬಂದಿತು.